ಕಾಲಿಗೆ ನೆಲ ಸಿಗದಾಗ



*ಇಂದಿನ ಧಮ್ಮ ಚಿಂತನೆ: ಈಜು ಮತ್ತು ಅನಿತ್ಯ*

ಬೇಸಿಗೆ ರಜೆ ಬಂದರೆ ಹಳ್ಳಿಗಳಲ್ಲಿ ನೀರಿರುವ ತೋಟದ ಬಾವಿಗಳ ಬಳಿ ಮಕ್ಕಳ ಗಲಾಟೆ ಶುರುವಾಗುತ್ತದೆ. ಒಣಗಿದ ಸೋರೆಬುರುಡೆಯನ್ನೋ ಖಾಲಿ ಪ್ಲಾಸ್ಟಿಕ್ ಕ್ಯಾನನ್ನೋ ಬೆನ್ನಿಗೆ ಕಟ್ಟಿಕೊಂಡು, ಸೊಂಟದ ಹಗ್ಗದ ಇನ್ನೊಂದು ತುದಿಯನ್ನು ಅಣ್ಣನ ಕೈಗೋ ಮಾವನ ಕೈಗೋ ಕೊಟ್ಟು ನೀರಿಗಿಳಿಯುತ್ತಾರೆ. ಅವರನ್ನು ಸ್ವಲ್ಪ ಹೊತ್ತು ಗಮನಿಸಿದರೆ ಸಾಕು, ಧಮ್ಮದ ಒಂದು ದೊಡ್ಡ ಪಾಠ ಕಣ್ಣಿಗೆ ಬೀಳುತ್ತದೆ.

ನೀರಿಗಿಳಿದ ಹೊಸಬರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾರೆ. ಕೆಲವರು ಹೆದರಿ ಮೈಯನ್ನು ಬಿಗಿ ಹಿಡಿಯುತ್ತಾರೆ. ಕಾಲು ನೆಲ ಹುಡುಕುತ್ತದೆ, ಮೈ ನೆಟ್ಟಗಾಗುತ್ತದೆ, ಕೆಳಗೆ ಹೋಗುತ್ತಾರೆ. ಇನ್ನು ಕೆಲವರು ಕೈಕಾಲು ಜೋರಾಗಿ ಬಡಿಯುತ್ತಾರೆ. ಎರಡೇ ನಿಮಿಷದಲ್ಲಿ ಸುಸ್ತಾಗಿ ನೀರು ಕುಡಿಯುತ್ತಾರೆ. ಕಲಿಸುವವರು ಮೇಲಿನಿಂದ ಕೂಗುವುದು ಇಷ್ಟೇ: "ತಲೆ ಹಿಂದಕ್ಕೆ ಹಾಕು, ಕಿವಿ ನೀರಲ್ಲಿರಲಿ, ಎದೆ ತುಂಬ ಉಸಿರು ತಗೋ." ಎದೆಯಲ್ಲಿ ತುಂಬಿದ ಗಾಳಿಯೇ ಮೈಯನ್ನು ಮೇಲೆ ಹಿಡಿಯುತ್ತದೆ. ಕೈಕಾಲಿನ ಕೆಲಸ ಆಮೇಲೆ ಬರುತ್ತದೆ, ಅದೂ ಒಂದು ಲಯದಲ್ಲಿ.

ಸಂಯುತ್ತ ನಿಕಾಯದ ಮೊಟ್ಟಮೊದಲ ಸುತ್ತದಲ್ಲಿ ಇದೇ ಮಾತು ಬರುತ್ತದೆ. ಅದರ ಹೆಸರು ಓಘತರಣ ಸುತ್ತ. ಓಘ ಎಂದರೆ ಪ್ರವಾಹ, ತರಣ ಎಂದರೆ ದಾಟುವುದು. ಪ್ರವಾಹವನ್ನು ಹೇಗೆ ದಾಟಿದಿರಿ ಎಂದು ಒಬ್ಬ ದೇವತೆ ಭಗವಾನರನ್ನು ಕೇಳಿದಂತೆ ಅಲ್ಲಿದೆ. ಕೇಳಿದವರು ಯಾರು ಎಂಬುದಕ್ಕಿಂತ ಉತ್ತರ ಮುಖ್ಯ. ನಿಂತುಬಿಟ್ಟಾಗ ಮುಳುಗಿದೆ, ಬಡಿದಾಡಿದಾಗ ಕೊಚ್ಚಿಹೋದೆ, ಹಾಗಾಗಿ ನಿಲ್ಲದೆಯೂ ಬಡಿದಾಡದೆಯೂ ದಾಟಿದೆ ಎಂಬುದು ಆ ಉತ್ತರದ ಸಾರ.

ಬಂಧುಗಳೇ, ಧಮ್ಮದೀಕ್ಷೆ ಪಡೆದ ನಮ್ಮ ಮನೆಗಳಿಗೆ ಈ ಮಾತು ಬಹಳ ಹತ್ತಿರದ್ದು. ಇಪ್ಪತ್ತೆರಡು ಪ್ರತಿಜ್ಞೆ ಸ್ವೀಕರಿಸಿದ ದಿನ ಎದೆ ಉಬ್ಬಿರುತ್ತದೆ. ಆಮೇಲೆ ಊರ ಜಾತ್ರೆ ಬರುತ್ತದೆ. ಮನೆಯಲ್ಲಿ ಒಂದು ಸಾವಾಗುತ್ತದೆ. ಮಗಳ ಮದುವೆ ಮಾತು ಏಳುತ್ತದೆ. "ಈಗ ಯಾವ ಶಾಸ್ತ್ರ ಮಾಡೋದು? ನೆಂಟರಿಗೆ ಏನು ಹೇಳೋದು?" ಹಳೆಯ ದಡ ಬಿಟ್ಟಾಗಿದೆ, ಹೊಸ ದಡ ಇನ್ನೂ ಕೈಗೆ ಸಿಕ್ಕಿಲ್ಲ. ಕಾಲಿಗೆ ನೆಲ ಸಿಗದ ಹೊತ್ತು ಅದು. ಆಗ ಕೆಲವರು ಯಾರಿಗೂ ಗೊತ್ತಾಗದಂತೆ ಹಳೆಯ ದಡಕ್ಕೇ ಹಿಂತಿರುಗುತ್ತಾರೆ. ಇನ್ನು ಕೆಲವರು ತಾಯಿ ವರ್ಷಗಟ್ಟಲೆ ಪೂಜಿಸಿದ ಪಟವನ್ನು ಅವಳ ಕಣ್ಣೆದುರೇ ಹೊರಗೆಸೆದು, ಮನೆಯನ್ನೇ ಎರಡು ಹೋಳು ಮಾಡುತ್ತಾರೆ. ಮೊದಲನೆಯದು ಬಿಗಿಯುವುದು, ಎರಡನೆಯದು ಬಡಿಯುವುದು. ದಿನಾ ಬೆಳಿಗ್ಗೆ ತಾಯಿಯ ಪಕ್ಕದಲ್ಲೇ ಕೂತು ಪಂಚಶೀಲ ಹೇಳುವುದು, ಅವಳ ಪ್ರಶ್ನೆಗೆ ತಾಳ್ಮೆಯಿಂದ ಉತ್ತರಿಸುವುದು, ತಾನು ಮಾತ್ರ ಪ್ರತಿಜ್ಞೆಯಿಂದ ಒಂದು ಹೆಜ್ಜೆಯೂ ಹಿಂದೆ ಸರಿಯದಿರುವುದು, ಇದು ಈಜು.

ಇಲ್ಲಿ ಒಂದು ಎಚ್ಚರ ಬೇಕು. ಬದಲಾವಣೆಯನ್ನು ಒಪ್ಪಿಕೋ ಎಂದರೆ ಬಂದದ್ದನ್ನೆಲ್ಲ ಸಹಿಸಿಕೋ ಎಂದಲ್ಲ. ಹಾಗೆ ಸಹಿಸಿಕೊಳ್ಳಲು ಹೇಳಿಕೊಟ್ಟವರು ಬೇರೆ, ಅದಕ್ಕೆ ಕರ್ಮಫಲ ಎಂದು ಹೆಸರಿಟ್ಟವರು ಬೇರೆ. ಎಲ್ಲವೂ ಅನಿತ್ಯವಾಗಿರುವುದರಿಂದಲೇ ಬೆಳವಣಿಗೆ ಸಾಧ್ಯ, ಯಾವುದೂ ಬದಲಾಗದಿದ್ದರೆ ಜೀವವಿಕಾಸವೇ ನಿಂತುಹೋಗುತ್ತಿತ್ತು ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ವಿವರಿಸುತ್ತಾರೆ. ಜಾತಿಯೂ ಅನಿತ್ಯವೇ. ಅನಿತ್ಯ ನಮಗೆ ದುಃಖದ ಸುದ್ದಿ ಮಾತ್ರವಲ್ಲ, ಭರವಸೆಯ ಸುದ್ದಿಯೂ ಹೌದು.

ನೀರಿನ ವಿಷಯದಲ್ಲೇ ಅವರು ಇದನ್ನು ಮಾಡಿ ತೋರಿಸಿದರು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಹಿಂತಿರುಗುತ್ತಿದ್ದವರ ಮೇಲೆ ಹಲ್ಲೆಯಾಯಿತು, ಕೆರೆಯನ್ನು 'ಶುದ್ಧಿ' ಮಾಡಲಾಯಿತು. ಅದೇ ಡಿಸೆಂಬರಿನಲ್ಲಿ ಮತ್ತೆ ಸಾವಿರಾರು ಜನ ಸೇರಿದಾಗ ನ್ಯಾಯಾಲಯದ ತಡೆಯಾಜ್ಞೆ ಅಡ್ಡ ಬಂತು. ನೆರೆದವರ ರಕ್ತ ಕುದಿಯುತ್ತಿತ್ತು. ಬಾಬಾಸಾಹೇಬರು ಅವರ ಮನವೊಲಿಸಿ ಕೆರೆಗಿಳಿಯುವುದನ್ನು ಮುಂದೂಡಿದರು, ಆದರೆ ಹೋರಾಟ ಬಿಡಲಿಲ್ಲ. 1937ರಲ್ಲಿ ಬಾಂಬೆ ಹೈಕೋರ್ಟಿನ ತೀರ್ಪು ನಮ್ಮ ಪರವಾಗಿ ಬಂತು. ಧರ್ಮಾಂತರದ್ದೂ ಹಾಗೆಯೇ. 1935ರಲ್ಲಿ ಯೇವಲಾದಲ್ಲಿ ಘೋಷಣೆ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ. ನಡುವಿನ 21 ವರ್ಷ ಅವರು ನಿಂತೂ ಬಿಡಲಿಲ್ಲ, ಅವಸರಕ್ಕೂ ಬೀಳಲಿಲ್ಲ.

ನಮ್ಮ ಹಿರಿಯರಲ್ಲಿ ಎಷ್ಟೋ ಜನರಿಗೆ ಈಜು ಬಾರದು. ಅವರಿಗೆ ಧೈರ್ಯವಿರಲಿಲ್ಲ ಎಂದಲ್ಲ. ಊರ ಕೆರೆಯ ಮೆಟ್ಟಿಲು ಇಳಿಯಲು ಅವರನ್ನು ಬಿಡಲಿಲ್ಲ. ಬಾವಿ, ಕೆರೆ, ಸ್ನಾನಘಟ್ಟಗಳಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದು ಸಂವಿಧಾನದ 15ನೇ ವಿಧಿ ಇಂದು ಸ್ಪಷ್ಟವಾಗಿ ಹೇಳುತ್ತದೆ. ಬರೆದ ಹಕ್ಕು ಮೈಗೆ ಹತ್ತಬೇಕಾದರೆ ನೀರಿಗಿಳಿದೇ ಕಲಿಯಬೇಕು.

ಆದ್ದರಿಂದ ಈ ರಜೆಯಲ್ಲಿ ನಮ್ಮ ಮಕ್ಕಳಿಗೆ ಈಜು ಕಲಿಸೋಣ. ಗಂಡುಮಕ್ಕಳಿಗೆ ಎಷ್ಟೋ ಹೆಣ್ಣುಮಕ್ಕಳಿಗೂ ಅಷ್ಟೇ. ಈಜು ಬಲ್ಲ ದೊಡ್ಡವರು ಜೊತೆಗಿಲ್ಲದೆ ಯಾವ ಮಗುವನ್ನೂ ಕೃಷಿಹೊಂಡಕ್ಕಾಗಲಿ ಕೆರೆಗಾಗಲಿ ಬಿಡಬೇಡಿ. ನಲವತ್ತು, ಐವತ್ತು ದಾಟಿದವರೂ ನಾಚಿಕೆ ಬಿಟ್ಟು ಕಲಿಯಬಹುದು. ಕಲಿಯುವಾಗ ಹಗ್ಗದ ಇನ್ನೊಂದು ತುದಿ ಹಿಡಿದವರನ್ನು ಮರೆಯಬೇಡಿ. ಮನೆಯಲ್ಲಿ, ಊರಲ್ಲಿ ಒಂಟಿಯಾಗಿ ಧಮ್ಮ ಪಾಲಿಸುತ್ತಿರುವವರಿಗೆ ಆ ಹಗ್ಗ ಹಿಡಿಯುವುದೇ ಸಂಘದ ಕೆಲಸ. ನಮ್ಮ ಬಳಗ ಇರುವುದೂ ಅದಕ್ಕೇ.

*ಇಂದಿನ ಅಭ್ಯಾಸ:* ನಿಮ್ಮ ಬದುಕಿನಲ್ಲಿ ಈಗ ನಡೆಯುತ್ತಿರುವ ಒಂದು ಬದಲಾವಣೆಯನ್ನು ನೆನೆಯಿರಿ. ಕೆಲಸ, ಮನೆ, ಆರೋಗ್ಯ, ಮಕ್ಕಳ ದಾರಿ, ಯಾವುದಾದರೂ ಸರಿ. ಅಲ್ಲಿ ನಾನು ಬಿಗಿಯುತ್ತಿದ್ದೇನೆಯೇ, ಬಡಿಯುತ್ತಿದ್ದೇನೆಯೇ ಎಂದು ಕೇಳಿಕೊಳ್ಳಿ. ಹತ್ತು ನಿಮಿಷ ಆನಾಪಾನದಲ್ಲಿ ಕೂತು ಉಸಿರನ್ನು ಗಮನಿಸಿ. ಆಮೇಲೆ ಮುಂದಿನ ಒಂದು ಕೆಲಸವನ್ನು ನಿರ್ಧರಿಸಿ, ಇಂದೇ ಮಾಡಿ.

ನಮೋ ಬುದ್ಧಾಯ. ಜೈ ಭೀಮ್.