ವೇಗ ಯಾವ ಬಿಡಿಭಾಗದಲ್ಲಿದೆ?

ಹಳೆಯ ಡೀಸೆಲ್ ಸ್ವಿಫ್ಟ್ ಒಂದನ್ನು ಇನ್ನಷ್ಟು ಜೋರಾಗಿ ಓಡುವ ಕಾರನ್ನಾಗಿ ಮಾಡುವುದು ಈಗ ದೊಡ್ಡ ಕೆಲಸವಲ್ಲ. ಸ್ಟೀರಿಂಗಿನ ಕೆಳಗಿರುವ ಓಬಿಡಿ ಪೋರ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನ ಲೆಕ್ಕಾಚಾರವನ್ನು ತಿದ್ದಿದರೆ, ಅಂದರೆ ರೀಮ್ಯಾಪ್ ಮಾಡಿದರೆ ಸಾಕು, ಟರ್ಬೊದ ಒತ್ತಡ ಏರುತ್ತದೆ, ಇಂಜೆಕ್ಟರುಗಳು ತುಸು ಹೆಚ್ಚು ಡೀಸೆಲ್ ಚಿಮ್ಮಿಸುತ್ತವೆ, 1248 ಸಿಸಿ ಎಂಜಿನ್ನಿನ 75 ಅಶ್ವಶಕ್ತಿ 90ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಬಾನೆಟ್ ಎತ್ತುವ ಕೆಲಸವೂ ಇಲ್ಲ. ಅಲ್ಲಿಂದ ಮುಂದೆ ಗಿಡ್ಡ ಸ್ಪ್ರಿಂಗು, ಅಗಲದ ಟೈರು, ಅಡೆತಡೆಯಿಲ್ಲದ ಸೈಲೆನ್ಸರು, ಹೀಗೆ ಕಿಸೆ ತಡೆದಷ್ಟು ಹೋಗಬಹುದು. ಇದನ್ನೆಲ್ಲ ಆರ್‌ಟಿಓ ಕಚೇರಿಗೆ ಬಿಟ್ಟ ವಿಷಯ ಎಂದು ನಾವು ಸಾಮಾನ್ಯವಾಗಿ ಕೈತೊಳೆದುಕೊಳ್ಳುತ್ತೇವೆ. ಆದರೆ ಒಬ್ಬ ಮನುಷ್ಯ ತನ್ನ ದುಡ್ಡಿನ, ತನ್ನ ಹೆಸರಿನ ವಸ್ತುವಿಗೆ ಹೊಸ ಶಕ್ತಿ ತುಂಬಿ ಎಲ್ಲರೂ ಓಡಾಡುವ ದಾರಿಗೆ ಇಳಿಸಿದಾಗ ಆ ಶಕ್ತಿ ಯಾರದಾಗುತ್ತದೆ ಎಂಬುದು ಕಾನೂನಿಗಿಂತ ಹಳೆಯ ಪ್ರಶ್ನೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಸೀಮೆಯಲ್ಲಿ ಈ ಪ್ರಶ್ನೆಗೆ ವಿಶೇಷ ಮೊನಚಿದೆ. ಒಂದು ಕಡೆ ಚಕ್ಕಡಿಗಳು ಇವತ್ತಿಗೂ ಯಾತ್ರೆ ಹೊರಡುವ ಉಳವಿ, ಇನ್ನೊಂದು ಕಡೆ ರಥವೆಂದರೆ ಏನು ಎಂಬುದನ್ನೇ ಪಾಠವಾಗಿ ಓದುವ ಮುಂಡಗೋಡದ ಬೌದ್ಧ ಮಠಗಳು.

ವೇಗದ ಹುಚ್ಚಿನವರನ್ನೆಲ್ಲ ಪೋಲಿ ಹುಡುಗರೆಂದು ತಳ್ಳಿಹಾಕಿದರೆ ವಾದ ಸುಲಭವಾಗುತ್ತದೆ, ನಿಜವಾಗುವುದಿಲ್ಲ. ಅವರಲ್ಲಿ ಗಂಭೀರವಾದವರು ಅಣಶಿ ಘಟ್ಟದ ತಿರುವಿಗೆ ಬರುವ ಮೊದಲೇ ಗೇರು ಇಳಿಸಿ, ಬ್ರೇಕಿನ ಒತ್ತಡದಿಂದ ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ಬಂದದ್ದನ್ನು ಅಂಗಾಲಿನಲ್ಲೇ ಅಳೆದು, ತಿರುವಿನ ಕೊನೆಯ ಕಡೆಗೆ ಕಣ್ಣು ನೆಟ್ಟು ಸ್ಟೀರಿಂಗ್ ಹೊರಳಿಸುವವರು. ಅವರ ಪರವಾಗಿ ಆಡಬಹುದಾದ ಅತ್ಯುತ್ತಮ ಮಾತು ಕಠೋಪನಿಷತ್ತಿನಲ್ಲಿದೆ. ಯಮ ನಚಿಕೇತನಿಗೆ ಹೇಳುವ ಆ ರೂಪಕದಲ್ಲಿ ಶರೀರ ರಥ, ಆತ್ಮ ಅದರ ಒಡೆಯ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು. ಕುದುರೆ ಬಲವಾಗಿದ್ದರೆ ತಪ್ಪೇನೂ ಇಲ್ಲ, ಸಾರಥಿ ಎಚ್ಚರವಾಗಿದ್ದು ಲಗಾಮು ಬಿಗಿಯಾಗಿದ್ದರೆ ಸಾಕು. ಶಕ್ತಿ ಹೆಚ್ಚಾದಷ್ಟೂ ಸಂಯಮದ ಪರೀಕ್ಷೆಯೂ ಹೆಚ್ಚು, ಆದ್ದರಿಂದ ಚೆನ್ನಾಗಿ ಓಡಿಸುವುದು ಒಂದು ಸಾಧನೆ ಎಂದು ವೇಗಪ್ರಿಯನು ಹೇಳಿದರೆ ಅದರಲ್ಲಿ ಹುರುಳಿದೆ. ಮೊಬೈಲಿನಲ್ಲಿ ಮಾತಾಡುತ್ತ ನಲವತ್ತರಲ್ಲಿ ತೆವಳುವವನಿಗಿಂತ ಇಂಥವನು ಎಷ್ಟೋ ವಾಸಿ.

ಆದರೆ ಆ ರೂಪಕದಲ್ಲಿ ದಾರಿ ಎಂದರೆ ಯಾವುದು ಎಂಬುದನ್ನು ನಾವು ಓದಿಯೂ ದಾಟಿಬಿಡುತ್ತೇವೆ. ಅಲ್ಲಿ ದಾರಿ ಎಂದರೆ ಇಂದ್ರಿಯಗಳು ಬೆನ್ನುಹತ್ತುವ ವಿಷಯಗಳು. ಆ ದಾರಿಯಲ್ಲಿ ಎದುರಿನಿಂದ ಬರುವವರು ಯಾರೂ ಇಲ್ಲ. ಅಡ್ಡ ದಾಟುವ ಎಮ್ಮೆಯಿಲ್ಲ, ಹಿಂದಿನ ದೀಪವಿಲ್ಲದ ಕಬ್ಬಿನ ಟ್ರಾಕ್ಟರಿಲ್ಲ. ಅದು ಒಬ್ಬನೇ ಪಯಣಿಗನ ಮೋಕ್ಷಮಾರ್ಗ. ರಥ ಹಳ್ಳಕ್ಕೆ ಬಿದ್ದರೆ ಕೆಡುವವನು ರಥಿಕ ಮಾತ್ರ. ಆತ್ಮಸಂಯಮದ ಆ ನೀತಿಯನ್ನು ಹಾಗೆಯೇ ತಂದು ಹಳಿಯಾಳ–ದಾಂಡೇಲಿ ರಸ್ತೆಯ ಮೇಲಿಟ್ಟರೆ ಅದು ಅರ್ಧ ನೀತಿ. ನಾನು ನನ್ನನ್ನು ಗೆದ್ದಿದ್ದೇನೆ ಎಂಬುದು ಎದುರಿನವನಿಗೆ ನಾನು ಕೊಡುವ ಉತ್ತರವಾಗಲಾರದು.

ಇನ್ನೊಂದು ರಥ ಮುಂಡಗೋಡದಲ್ಲಿದೆ. 1966ರಲ್ಲಿ ನೆಲೆಯೂರಿದ ಟಿಬೆಟನ್ ವಸಾಹತಿನ ದ್ರೆಪುಂಗ್ ಮತ್ತು ಗಾಂದೆನ್ ಮಠಗಳಲ್ಲಿ ಭಿಕ್ಷುಗಳು ವರ್ಷಗಟ್ಟಲೆ ಓದುವ ಗ್ರಂಥಗಳಲ್ಲಿ 7ನೆಯ ಶತಮಾನದ ಚಂದ್ರಕೀರ್ತಿಯ ‘ಮಧ್ಯಮಕಾವತಾರ’ವೂ ಒಂದು. ಅಂಗಳದಲ್ಲಿ ಒಬ್ಬ ಕುಳಿತು ತನ್ನ ಪಕ್ಷವನ್ನು ಕಾಯುತ್ತಾನೆ, ಇನ್ನೊಬ್ಬ ಎದುರು ನಿಂತು, ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ಬಡಿದು ಪ್ರಶ್ನೆ ಎಸೆಯುತ್ತಾನೆ. ಆ ವಾದಗಳಲ್ಲಿ ಹೆಸರಾದದ್ದು ಚಂದ್ರಕೀರ್ತಿಯ ರಥದ ಏಳು ಬಗೆಯ ಪರೀಕ್ಷೆ. ರಥ ತನ್ನ ಭಾಗಗಳಿಂದ ಬೇರೆಯೇ? ಅಲ್ಲ. ಭಾಗಗಳೇ ರಥವೇ? ಅದೂ ಅಲ್ಲ. ಭಾಗಗಳ ಒಡೆತನ ಅದಕ್ಕಿದೆಯೇ, ಅದು ಭಾಗಗಳಲ್ಲಿದೆಯೇ, ಭಾಗಗಳು ಅದರಲ್ಲಿವೆಯೇ, ಅವುಗಳ ರಾಶಿಯೇ, ಅವುಗಳ ಆಕಾರವೇ? ಏಳರಲ್ಲಿ ಎಲ್ಲಿ ಹುಡುಕಿದರೂ ಸಿಗದ ರಥ, ಹುಡುಕದೆ ಇದ್ದಾಗ ಚೆನ್ನಾಗಿಯೇ ಓಡುತ್ತದೆ, ಯಾಕೆಂದರೆ ಅದು ಇರುವುದು ಬೇರೆಬೇರೆ ಸಂಗತಿಗಳನ್ನು ಅವಲಂಬಿಸಿಕೊಂಡು. ಈ ಪರೀಕ್ಷೆಯನ್ನು ರಥದ ಬದಲು ಅದರ ವೇಗಕ್ಕೆ ಹಚ್ಚಿ ನೋಡಬೇಕು. ರೀಮ್ಯಾಪ್ ಆದ ಕಾರನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿದರೆ ಚಕ್ರ ಗಿರಗಿರನೆ ತಿರುಗುತ್ತದೆ, ಮೀಟರಿನ ಮುಳ್ಳು 120 ತೋರಿಸುತ್ತದೆ, ಕಾರು ಒಂದಂಗುಲವೂ ಕದಲುವುದಿಲ್ಲ. ಹಾಗಾದರೆ ಗ್ಯಾರೇಜಿನವನು ಮಾರಿದ ವೇಗ ಎಲ್ಲಿದೆ? ಎಂಜಿನ್ನಿನಲ್ಲಿ ಇಲ್ಲ, ಇಸಿಯುವಿನಲ್ಲಿ ಇಲ್ಲ. ಅಂಗೈಯಗಲದ ನಾಲ್ಕು ಜಾಗಗಳಲ್ಲಿ ರಬ್ಬರು ಡಾಂಬರನ್ನು ಹಿಡಿಯುವ ಕಡೆ ಅದು ಹುಟ್ಟುತ್ತದೆ. ಆ ಡಾಂಬರಿನ ಮೇಲೆ ಆಷಾಢದ ನೀರು ನಿಂತಿದ್ದರೆ ಅಲ್ಲಿಯೂ ಹುಟ್ಟುವುದಿಲ್ಲ. ಅಂದಕ್ಕೆಂದು ಹಾಕಿದ ಅಗಲದ ಟೈರು, ಗಾಳಿಯ ಒತ್ತಡ ಅಷ್ಟೇ ಇದ್ದರೆ, ಕಿರಿದಾದ ಟೈರಿಗಿಂತ ಬೇಗ ನೀರಿನ ಮೇಲೆ ತೇಲುತ್ತದೆ. ವೇಗವೆಂಬುದು ಕಾರಿನ ಗುಣವಲ್ಲ. ಅದು ಕಾರು, ರಸ್ತೆ, ಮಳೆ, ಸಾರಥಿಯ ಕಣ್ಣು, ಎದುರಿಗಿರುವ ಜೀವ ಇವುಗಳ ನಡುವಿನ ಸಂಬಂಧ. ಒಂದು ಭಾಗವನ್ನು ತಿದ್ದಿ ‘ನನ್ನ ಕಾರಿನ ವೇಗ ಹೆಚ್ಚಿಸಿದೆ’ ಎನ್ನುವವನು, ಸಂಬಂಧವೊಂದನ್ನು ತನ್ನ ಸೊತ್ತೆಂದು ತಪ್ಪು ತಿಳಿದಿದ್ದಾನೆ.

ಇದು ಬರೀ ತರ್ಕದ ಕಸರತ್ತಲ್ಲ, ಲೆಕ್ಕಕ್ಕೂ ಸಿಗುತ್ತದೆ. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವ ಕಾರಿನವನು ಅಡ್ಡ ಬಂದದ್ದನ್ನು ಕಂಡು ಬ್ರೇಕಿಗೆ ಕಾಲಿಡಲು ಒಂದು ಸೆಕೆಂಡ್ ತೆಗೆದುಕೊಂಡರೆ ಅಷ್ಟರಲ್ಲಿ ಸುಮಾರು 17 ಮೀಟರ್ ಹೋಗಿರುತ್ತಾನೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ಕಾರನ್ನು ಇನ್ನೊಂದು 20 ಮೀಟರಿನಲ್ಲಿ ನಿಲ್ಲಿಸುತ್ತದೆ. ಒಟ್ಟು 37. ಅದೇ ಜಾಗದಲ್ಲಿ, ಅದೇ ಬ್ರೇಕಿನ, 80ರಲ್ಲಿ ಬಂದ ಕಾರು 37 ಮೀಟರ್ ದಾಟುವಾಗ ಎಷ್ಟು ವೇಗದಲ್ಲಿರುತ್ತದೆ? ಇಪ್ಪತ್ತರಲ್ಲಿ ಎಂದು ಹೆಚ್ಚಿನವರು ಊಹಿಸುತ್ತಾರೆ. ಲೆಕ್ಕ ಹಾಕಿದರೆ 60ಕ್ಕಿಂತ ತುಸು ಹೆಚ್ಚು. ಮೊದಲನೆಯ ಕಾರು ನಿಂತ ಜಾಗದಲ್ಲಿ ಎರಡನೆಯದು ಮೊದಲನೆಯದರ ಪೂರ್ತಿ ವೇಗದಲ್ಲೇ ಇರುತ್ತದೆ. ರೀಮ್ಯಾಪ್ ಮಾಡಿದವನು ಕೊಂಡುಕೊಂಡದ್ದು 60ರಿಂದ 80ಕ್ಕೆ ಬೇಗ ಹೋಗುವ ಸುಖವನ್ನು. 80ರಿಂದ ಸೊನ್ನೆಗೆ ಬರುವ ಲೆಕ್ಕ ಮಾತ್ರ ಬೇರೆಯವರ ಖಾತೆಗೆ ಬಿತ್ತು.

ಆ ಬೇರೆಯವರು ಯಾರು ಎಂಬುದು ಈ ನಾಲ್ಕು ತಾಲ್ಲೂಕುಗಳಲ್ಲಿ ಊಹೆಯ ವಿಷಯವಲ್ಲ. ಕಬ್ಬು ಅರೆಯುವ ಹಂಗಾಮಿನಲ್ಲಿ ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಹೊರೆ ಹೊತ್ತ ಟ್ರಾಕ್ಟರುಗಳು ಎರಡೆರಡು ಟ್ರೇಲರು ಎಳೆಯುತ್ತವೆ. ದಾಂಡೇಲಿಯ ಕಾಗದದ ಗಿರಣಿಗೆ ಮರ ತುಂಬಿದ ಲಾರಿಗಳು ಬರುತ್ತವೆ. ಸಂಜೆ ಗೌಳಿಗರ ಎಮ್ಮೆ ಹಿಂಡು ಮನೆ ಕಡೆ ತಿರುಗುತ್ತದೆ, ಸಿದ್ದಿಯರ ಹಾಡಿಗಳಿಂದ ಮಕ್ಕಳು ರಸ್ತೆ ಬದಿಯಲ್ಲೇ ಶಾಲೆಗೆ ನಡೆಯುತ್ತಾರೆ. ಮಾಘ ಮಾಸದಲ್ಲಿ ಚೆನ್ನಬಸವಣ್ಣನ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ಚಕ್ಕಡಿಗಳು ಬುತ್ತಿ, ಮೇವು, ಮುದುಕರು, ಕೂಸುಗಳ ಸಮೇತ ಸಾಲುಗಟ್ಟಿ ಕಾಡು ಹೊಕ್ಕು ಉಳವಿಗೆ ಸಾಗುತ್ತವೆ. ಇವರೆಲ್ಲರೂ ರಸ್ತೆ ದಾಟುವಾಗ ಒಂದು ಲೆಕ್ಕ ಹಾಕುತ್ತಾರೆ, ಅದು ಅಭ್ಯಾಸದ ಲೆಕ್ಕ. ಬರುತ್ತಿರುವುದು ಸಣ್ಣ ಕಾರು, ಇಂಥ ಕಾರು ಅಷ್ಟು ದೂರದಿಂದ ಇಲ್ಲಿಗೆ ಬರಲು ಇಷ್ಟು ಹೊತ್ತು ಬೇಕು, ಅಷ್ಟರಲ್ಲಿ ಕೊನೆಯ ಎಮ್ಮೆ ದಾಟಿರುತ್ತದೆ. ಈಗ ವೇಗಪ್ರಿಯರು ‘ಸ್ಲೀಪರ್’ ಎಂದು ಹೆಮ್ಮೆಯಿಂದ ಕರೆಯುವ ಕಾರನ್ನು ನೆನೆಯಿರಿ. ಹೊರಗೆ ಏನೂ ಬದಲಾಗಿಲ್ಲ, ಅದೇ ಬಿಳಿ ಬಣ್ಣ, ಅದೇ ಉಕ್ಕಿನ ಚಕ್ರ, ಒಳಗೆ ಮಾತ್ರ ಬೇರೆಯೇ ಪ್ರಾಣಿ. ನೋಡಿದವರು ಮೋಸಹೋಗಬೇಕು ಎಂಬುದೇ ಅದರ ಗಮ್ಮತ್ತು. ಸಿಗ್ನಲ್ಲಿನಲ್ಲಿ ದೊಡ್ಡ ಕಾರಿನವನು ಮೋಸಹೋದರೆ ನಗಬಹುದು. ಗೌಳಿ ಹುಡುಗ ಮೋಸಹೋದರೆ? ನನ್ನ ಮಟ್ಟಿಗೆ ಇಲ್ಲಿ ಮೊದಲು ಕೆಡುವುದು ಅಹಿಂಸೆಗಿಂತ ಸತ್ಯ. ಕಾರು ತನ್ನ ರೂಪದಿಂದಲೇ ರಸ್ತೆಗೆ ಒಂದು ಮಾತು ಕೊಟ್ಟಿರುತ್ತದೆ, ಅದನ್ನು ಒಳಗಿನಿಂದ ತಿದ್ದಿ ಯಾರಿಗೂ ಹೇಳದೆ ಇರುವುದು ಸುಳ್ಳಾಡುವುದರ ಒಂದು ಬಗೆ. (ಆ ದೃಷ್ಟಿಯಿಂದ ಕಿವಿಗಡಚಿಕ್ಕುವ ಸೈಲೆನ್ಸರಿನವನು ಹೆಚ್ಚು ಪ್ರಾಮಾಣಿಕ, ಮಂಗಟ್ಟೆ ಹಕ್ಕಿಗಳು ಒಪ್ಪಲಿಕ್ಕಿಲ್ಲ ಅಷ್ಟೆ.)

ಇದಕ್ಕೆ ಗಟ್ಟಿ ಆಕ್ಷೇಪವೊಂದಿದೆ. ವೇಗ ಸಂಬಂಧವೇ ಆದರೆ 60 ಕೂಡ ಸಂಬಂಧವೇ, 40 ಕೂಡ. ಯಾವ ವೇಗದಲ್ಲಿ ಹೋದರೂ ಇನ್ನೊಬ್ಬರ ಪಾಲಿನ ಅಪಾಯವನ್ನು ನಾವು ಕೇಳದೆಯೇ ಬಳಸಿಕೊಳ್ಳುತ್ತೇವೆ. ಹಾಗಾದರೆ ಚಕ್ಕಡಿ ಬಿಟ್ಟು ಬೇರೇನೂ ಹತ್ತಬಾರದೆ? ಚಂದ್ರಕೀರ್ತಿಯನ್ನೇ ಕೇಳಿದರೆ ಉತ್ತರ ಸಿಗುತ್ತದೆ. ಪರಮಾರ್ಥದಲ್ಲಿ ರಥ ಸಿಗುವುದಿಲ್ಲ ಎಂದವನು ಲೋಕವ್ಯವಹಾರದ ರಥವನ್ನು ಅಲ್ಲಗಳೆಯಲಿಲ್ಲ. ಜನ ಒಪ್ಪಿ ನಡೆಸುವ ವ್ಯವಹಾರವೇ ಅದರ ನೆಲೆ. ರಸ್ತೆಯೂ ಅಂಥ ಒಪ್ಪಿಗೆ. ಬಸ್ಸು ಇಷ್ಟು ವೇಗದಲ್ಲಿ ಬರುತ್ತದೆ, ಸಣ್ಣ ಕಾರು ಇಷ್ಟರಲ್ಲಿ, ಬೈಕು ಇಷ್ಟರಲ್ಲಿ ಎಂದು ಬಳಕೆಯಿಂದ ನಿಂತ ನಂಬಿಕೆಯ ಮೇಲೆ ಎಲ್ಲರೂ ದಾಟುತ್ತಾರೆ. ಆ ಒಪ್ಪಿಗೆಯೊಳಗಿನ ಅಪಾಯ ಎಲ್ಲರದು. ಅದರ ಹೊರಗೆ ನಾನೊಬ್ಬನೇ ಗುಟ್ಟಾಗಿ ಹೆಚ್ಚಿಸಿದ್ದು ನನ್ನದು, ಆದರೆ ಬೀಳುವುದು ಅವರ ಮೇಲೆ. ಇನ್ನು ಈ ಒಪ್ಪಿಗೆಗೆ ಸಹಿಯನ್ನೇ ಹಾಕದವರು ಕಾಡಿನಲ್ಲಿದ್ದಾರೆ. 2007ರಲ್ಲಿ ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಗಿ ಘೋಷಣೆಯಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆದ ಅರಣ್ಯದ ನಡುವೆಯೇ ರಸ್ತೆಗಳು ಹಾದಿವೆ. ಕಾಡುಕೋಣಕ್ಕೆ ಸ್ವಿಫ್ಟೂ ಒಂದೇ, ಸ್ಲೀಪರೂ ಒಂದೇ. ಅದರ ಪಾಲಿನ ಲೆಕ್ಕವನ್ನೂ ಸಾರಥಿಯೇ ಹಾಕಬೇಕು.

ಎರಡನೆಯ ಆಕ್ಷೇಪ ನ್ಯಾಯದ್ದು, ಅದಕ್ಕೆ ನಾನು ಪೂರ್ತಿ ಉತ್ತರ ಕೊಡಲಾರೆ. ವಾರಾಂತ್ಯಕ್ಕೆ ದಾಂಡೇಲಿಯ ರೆಸಾರ್ಟಿಗೆ ಬರುವ ಸಿರಿವಂತನ ಎಸ್‌ಯುವಿಗೆ ಕಾರ್ಖಾನೆಯಿಂದಲೇ 180 ಅಶ್ವಶಕ್ತಿ ಬಂದಿರುತ್ತದೆ, ಅದು ಕಾನೂನುಬದ್ಧ. ಹಳೆಯ ಸ್ವಿಫ್ಟಿಗೆ ಹದಿನೈದು ಕುದುರೆ ಸೇರಿಸಿಕೊಂಡವನು ಅಪರಾಧಿ. ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದು ಎಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಹೇಳುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆಗೆ ದಾರಿ ಮಾಡಿತು. ಈ ತಾರತಮ್ಯ ಕಣ್ಣಿಗೆ ಚುಚ್ಚುವಂಥದೇ. ಆದರೂ ಒಂದು ವ್ಯತ್ಯಾಸವನ್ನು ಒಪ್ಪಲೇಬೇಕು. ಸ್ವಿಫ್ಟಿನ ಅದೇ 1248 ಸಿಸಿ ಎಂಜಿನ್ ಎರ್ಟಿಗಾದಲ್ಲಿ 90 ಅಶ್ವಶಕ್ತಿ ಕೊಟ್ಟಾಗ ಅದಕ್ಕೆ ಬೇರೆ ಟರ್ಬೊ ಇತ್ತು, ಇಡೀ ವಾಹನ ಆ ಶಕ್ತಿಯ ಜೊತೆಗೇ ಪರೀಕ್ಷೆಗೆ ಕುಳಿತಿತ್ತು. ಲ್ಯಾಪ್‌ಟಾಪಿನಿಂದ ಬಂದ ಶಕ್ತಿ ಹಾಗೆ ಬರುವುದಿಲ್ಲ. ಹಳೆಯ ಕ್ಲಚ್ಚು, ಸವೆದ ಡಿಸ್ಕು, ಅದೇ ಟೈರುಗಳ ನಡುವೆ ಅದೊಂದೇ ಹೊಸದು. ಹಾಗೆಂದು ಸಿರಿವಂತನು ಪಾರಾಗಲಿಲ್ಲ. ಇಲ್ಲಿ ಮಂಡಿಸಿದ ವಾದ ಅಶ್ವಶಕ್ತಿಯ ಮೂಲವನ್ನು ಕೇಳುವುದಿಲ್ಲ, ಅದನ್ನು ಬಳಸಿದ ಜಾಗವನ್ನು ಕೇಳುತ್ತದೆ. ಉಳವಿ ದಾರಿಯಲ್ಲಿ ನೂರರಲ್ಲಿ ಬಂದ ಎಸ್‌ಯುವಿಗೆ ಕೋರ್ಟಿನ ತೀರ್ಪು ಅನ್ವಯಿಸದಿದ್ದರೂ ಇದು ಅನ್ವಯಿಸುತ್ತದೆ.

ವೇಗದ ಸುಖವೇ ಪಾಪವೆನ್ನುವ ಧರ್ಮಶಾಸ್ತ್ರಿಯ ಜೊತೆ ಮಾತ್ರ ನಾನು ನಿಲ್ಲಲಾರೆ. ಆ ಸುಖ ಪೆಟ್ರೋಲಿನ ಜೊತೆ ಬಂದದ್ದಲ್ಲ. ಧಾರವಾಡ, ಬೆಳಗಾವಿ ಸೀಮೆಯ ಖಾಲಿ ಗಾಡಾ ಓಡಿಸುವ ಶರ್ಯತ್ತು ನೋಡಿದವರಿಗೆ ಅದು ಗೊತ್ತು. ಎತ್ತಿನ ಮೇವು, ನೊಗದ ತೂಕ, ಗಾಲಿಯ ಎಣ್ಣೆ ಎಲ್ಲವನ್ನೂ ವೇಗಕ್ಕಾಗಿ ತಿದ್ದುವ ರೈತನು ಇವತ್ತಿನ ರೀಮ್ಯಾಪಿನವನ ಅಣ್ಣನೇ. ಎತ್ತಿನ ಬಾಲ ತಿರುಚುವ, ಬಾರಕೋಲು ಬೀಸುವ ಕ್ರೌರ್ಯದ ತಕರಾರು ಬೇರೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆ ಓಟಕ್ಕೆ ಹೊಲವಿದೆ, ದಿನ ಗೊತ್ತಾಗಿದೆ, ನೆರೆದವರೆಲ್ಲ ಗಾಡಿ ಓಡುತ್ತದೆಂದು ತಿಳಿದೇ ಬಂದವರು. ಅದೇ ಎತ್ತುಗಳನ್ನು ಉಳವಿಯ ಚಕ್ಕಡಿಗೆ ಹೂಡಿದಾಗ ಯಾರೂ ಹಾಗೆ ಓಡಿಸುವುದಿಲ್ಲ. ಕಾರಿಗೂ ಅಂಥ ಹೊಲಗಳಿವೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ನಮ್ಮಲ್ಲೇ ನಡೆಯುವ ಕೆ-1000ದಂಥ ರ‍್ಯಾಲಿಗಳಲ್ಲಿ ರಸ್ತೆಯನ್ನು ಬೇರೆಯವರಿಗೆ ಮುಚ್ಚಿಯೇ ಸ್ಪರ್ಧಿಯನ್ನು ಬಿಡುತ್ತಾರೆ. ಅಲ್ಲಿ ತಿದ್ದಿದ ಕಾರು ಯಾರಿಗೂ ಸುಳ್ಳು ಹೇಳುವುದಿಲ್ಲ. ಇಲ್ಲಿಂದ ಕೊಯಮತ್ತೂರು ದೂರ, ಖರ್ಚೂ ಹೌದು. ಹತ್ತಿರದಲ್ಲಿ ಒಂದು ಟ್ರ್ಯಾಕ್ ಬೇಕೆಂದು ಹುಬ್ಬಳ್ಳಿ ಕಡೆಯ ಹುಡುಗರು ಕೇಳಿದರೆ ಅದು ನ್ಯಾಯವಾದ ಬೇಡಿಕೆಯೇ.

ಉಳಿದದ್ದು ಮೆಕ್ಯಾನಿಕನ ಪ್ರಶ್ನೆ. ಶರಣರು ಕಾಯಕಕ್ಕೆ ಕೊಟ್ಟ ಘನತೆಯನ್ನು ಗ್ಯಾರೇಜಿನಿಂದ ಹೊರಗಿಡಲು ಕಾರಣವಿಲ್ಲ, ಕೈಚಳಕವಿರುವವನು ಕಾರನ್ನು ಮುಟ್ಟಬಾರದು ಎಂದು ಹೇಳುವುದು ಈ ವಾದದ ಗುರಿಯೂ ಅಲ್ಲ. ಸಂಬಂಧದ ಯಾವ ತುದಿಯನ್ನು ಅವನು ಬಲಪಡಿಸುತ್ತಾನೆ ಎಂಬುದಷ್ಟೇ ಪ್ರಶ್ನೆ. ಹತ್ತು ವರ್ಷದ ಸ್ವಿಫ್ಟಿನ ಸೋರುವ ಶಾಕ್ ಅಬ್ಸಾರ್ಬರು ಬದಲಿಸಿ, ಗಟ್ಟಿಯಾದ ಹಳೆಯ ಟೈರು ತೆಗೆದು ಒಳ್ಳೆಯದನ್ನು ಅದೇ ಅಳತೆಯಲ್ಲಿ ಹಾಕಿ, ನೀರು ಸೇರಿ ಕೆಟ್ಟ ಬ್ರೇಕ್ ಆಯಿಲ್ ಚೆಲ್ಲಿ ಹೊಸದು ತುಂಬಿದರೆ ಕಾರು ತಿರುವಿನಲ್ಲಿ ಮೊದಲಿಗಿಂತ ಹಿಡಿತದಿಂದ, ಹಾಗಾಗಿ ಬೇಕಾದರೆ ಬೇಗನೆಯೂ, ಹೋಗುತ್ತದೆ. ಇದರಲ್ಲಿ ಎದುರಿನವನ ಲೆಕ್ಕ ತಪ್ಪುವುದಿಲ್ಲ, ಅವನ ಪಾಲಿನ ಮೀಟರುಗಳು ಹೆಚ್ಚುತ್ತವೆ. ತಕರಾರು ಏಳುವುದು ಮೂಲದ ಶಾಕ್ ಅಬ್ಸಾರ್ಬರಿನ ಜಾಗಕ್ಕೆ ತುಸು ಬಿಗಿಯಾದದ್ದನ್ನು ಹಾಕಿದಾಗ. ಕಾನೂನಿನ ಅಕ್ಷರಕ್ಕೆ ಅದು ಬದಲಾವಣೆ, ಈ ವಾದದ ಪ್ರಕಾರ ಅದು ಕಾರು ತಪ್ಪಿಸಿಕೊಳ್ಳಬಲ್ಲ ಶಕ್ತಿಗೆ ಕೂಡಿಸಿದ್ದು. ಅಲ್ಲಿ ನಾನು ಕಾನೂನಿಗಿಂತ ಸಡಿಲ. ಇಸಿಯುವಿಗೆ ಕೈಹಾಕುವ ವಿಷಯದಲ್ಲಿ, ಅದು ಜೋಯಿಡಾದ ರಸ್ತೆಗೆಂದೇ ಆದರೆ, ಕಾನೂನಿನಷ್ಟೇ ಬಿಗಿ.