ದೊಡ್ಡದೇ ಬೇಕು ಎನ್ನುವ ಹಸಿವು

ಪ್ರವಾಸದಿಂದ ಮರಳಿದವರನ್ನು ನಾವು ಮೊದಲು ಕೇಳುವುದು ಏನು ನೋಡಿದಿರಿ ಎಂದು, ಆಮೇಲೆ ಏನು ತಿಂದಿರಿ ಎಂದು. ಎರಡನೆಯ ಪ್ರಶ್ನೆಯ ಉತ್ತರದಲ್ಲಿ ಈಚೀಚೆಗೆ ಒಂದು ಅಳತೆಯೂ ಸೇರಿಕೊಂಡಿದೆ. ಮೊಳದುದ್ದದ ಸೀಗಡಿ, ತಟ್ಟೆಯಿಂದಾಚೆಗೆ ಕಾಲು ಚಾಚಿದ ಏಡಿ. ರುಚಿಯನ್ನು ವಿವರಿಸುವುದು ಕಷ್ಟ. ಗಾತ್ರವಾದರೆ ಹಾಗಲ್ಲ, ಕೈ ಅಗಲಿಸಿ ತೋರಿಸಬಹುದು. ಫೋಟೊದಲ್ಲಿ ಪಕ್ಕಕ್ಕೊಂದು ಚಮಚ ಇಟ್ಟರೆ ಅದೂ ಬೇಡ.

ದಕ್ಷಿಣ ಪೆಸಿಫಿಕ್‌ನ ವನುವಾಟು ದ್ವೀಪಗಳಲ್ಲಿ ಈ ಆಸೆಗೆ ಹೇಳಿ ಮಾಡಿಸಿದಂಥ ಜೀವಿಯೊಂದಿದೆ. ಅದು ತೆಂಗಿನ ಏಡಿ. ನೆಲದ ಮೇಲೆ ಬದುಕುವ ಏಡಿ, ಕೀಟ, ಜೇಡಗಳ ಇಡೀ ಕುಲದಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. 4 ಕೆ.ಜಿ.ವರೆಗೆ ತೂಗಬಲ್ಲದು, ಕಾಲು ಚಾಚಿದರೆ ಹತ್ತಿರ ಹತ್ತಿರ 1 ಮೀಟರ್. ತೆಂಗಿನಕಾಯಿಯ ನಾರು ಸುಲಿದು, ಕಣ್ಣಿನ ಕಡೆಯಿಂದ ಒಡೆದು ತಿರುಳು ತಿನ್ನುತ್ತದೆ. 1836ರಲ್ಲಿ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳಿಗೆ ಹೋಗಿದ್ದ ಡಾರ್ವಿನ್ ಇದರ ಬಗ್ಗೆ ಬರೆದಿದ್ದಾನೆ. ಇದು ತಿನ್ನಲು ಚೆನ್ನಾಗಿರುತ್ತದೆ, ದೊಡ್ಡ ಏಡಿಯ ಬಾಲದ ಕೆಳಗಿನ ಕೊಬ್ಬನ್ನು ಕರಗಿಸಿದರೆ ಕೆಲವೊಮ್ಮೆ ಒಂದು ಬಾಟಲಿ ತುಂಬ ತಿಳಿಯಾದ ಎಣ್ಣೆ ಸಿಗುತ್ತದೆ ಎಂಬುದನ್ನೂ ಅವನು ದಾಖಲಿಸಿದ್ದಾನೆ.

ಎಸ್ಪಿರಿಟು ಸಾಂಟೊ ದ್ವೀಪದ ಲುಗಾನ್‌ವಿಲ್ ಪಟ್ಟಣದಲ್ಲಿ ಅದನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಕೊಡುತ್ತಾರೆ. ನಾನು ತಿಂದಿದ್ದೇನೆ, ರುಚಿಯ ವಿಷಯದಲ್ಲಿ ಸುಳ್ಳು ಹೇಳಲಾರೆ. ಕರಾವಳಿಯವನಾದ ನನಗೆ ತೆಂಗಿನ ಹಾಲೂ ಹೊಸತಲ್ಲ, ಏಡಿಯೂ ಹೊಸತಲ್ಲ. ಆದರೆ ಮೆಣಸು, ಹುಳಿ, ಕೊತ್ತಂಬರಿ ಯಾವುದರ ಹಂಗೂ ಇಲ್ಲದೆ, ಒಳಗಿನಿಂದಲೇ ತೆಂಗಿನೆಣ್ಣೆ ಹಚ್ಚಿಕೊಂಡು ಬಂದಂತಿದ್ದ ಆ ಮಾಂಸ ಬೇರೆಯೇ. ಪಕ್ಕದ ಮೇಜಿನವರು ಅಡುಗೆಮನೆಗೇ ಹೋಗಿ, ಹಗ್ಗದಲ್ಲಿ ಕಟ್ಟಿಟ್ಟಿದ್ದ ಏಡಿಗಳಲ್ಲಿ ತಮ್ಮದನ್ನು ಆರಿಸಿ ಬಂದರು. ಎಲ್ಲಕ್ಕಿಂತ ದೊಡ್ಡದನ್ನು, ಸಹಜವಾಗಿ.

ಆ ‘ಸಹಜವಾಗಿ’ ಎಂಬುದರ ಬಗ್ಗೆಯೇ ನನಗೆ ಅನುಮಾನ.

ನೋವಿನ ಲೆಕ್ಕ ಹಾಕುವವರು ದೊಡ್ಡದನ್ನೇ ತಿನ್ನಿ ಎನ್ನಬಹುದು. ಏಡಿ, ಸೀಗಡಿಗಳಿಗೂ ನೋವಿನ ಅರಿವಿದೆ ಎಂಬುದನ್ನು ಈಗ ಕಾನೂನುಗಳೂ ಒಪ್ಪತೊಡಗಿವೆ. ಬ್ರಿಟನ್ 2022ರ ಪ್ರಾಣಿ ಕಲ್ಯಾಣ ಕಾಯ್ದೆಯಲ್ಲಿ ಅವನ್ನು ಸೇರಿಸಿಕೊಂಡಿದೆ. ಹಾಗಿದ್ದ ಮೇಲೆ ಒಂದು ದೊಡ್ಡ ಏಡಿಯಿಂದ ನಾಲ್ವರು ಉಣ್ಣುವುದು ಲೇಸೋ, ಒಬ್ಬನ ಚಟ್ನಿಗೆ ಐವತ್ತು ಸಣ್ಣ ಸೀಗಡಿ ಸಾಯುವುದು ಲೇಸೋ? ಈ ತರ್ಕದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಸಸ್ಯಾಹಾರಿಗಳ ಉತ್ತರ ಗೊತ್ತೇ ಇದೆ, ಅದಕ್ಕೆ ಗೌರವವೂ ಇದೆ. ತಿನ್ನುವವರು ತಮ್ಮೊಳಗೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇಲ್ಲಿಯದು.

ಆದರೆ ಜೀವದ ಎಣಿಕೆಯಲ್ಲಿ ಕಾಲದ ಎಣಿಕೆ ಬರುವುದಿಲ್ಲ. ತೆಂಗಿನ ಏಡಿಯ ಗಾತ್ರ ಎಂದರೆ ಅದರ ವಯಸ್ಸು. ಹೆಣ್ಣು ಕಡಲಂಚಿಗೆ ಬಂದು ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ಮರಿಗಳು ಕೆಲವು ವಾರ ತೇಲುತ್ತವೆ, ಬಹುಪಾಲು ಮೀನಿನ ಹೊಟ್ಟೆ ಸೇರುತ್ತವೆ. ಉಳಿದವು ಶಂಖದ ಸಣ್ಣ ಚಿಪ್ಪೊಂದನ್ನು ಬೆನ್ನಿಗೆ ಹೊತ್ತು ದಡ ಹತ್ತುತ್ತವೆ. ದೊಡ್ಡದಾದ ಮೇಲೆ ಹುಟ್ಟಿದ ಕಡಲಿಗೇ ಎಸೆದರೂ ಮುಳುಗಿ ಸಾಯುತ್ತದೆ. ಬೆಳೆಯಬೇಕಾದರೆ ಬಿಲದಲ್ಲಿ ವಾರಗಟ್ಟಲೆ ಅಡಗಿ ಪೊರೆ ಕಳಚಬೇಕು, ಪ್ರತಿ ಸಲವೂ ಬೆಳವಣಿಗೆ ಒಂದಿಷ್ಟೇ. ಆಯುಷ್ಯ 40ರಿಂದ 60 ವರ್ಷ. ಪಕ್ಕದ ಮೇಜಿಗೆ ಬಂದದ್ದು, ಅದನ್ನು ಆರಿಸಿದ ಹುಡುಗನಿಗಿಂತ ಹಿರಿಯದಾಗಿದ್ದೀತು.

ವಯಸ್ಸಿಗೆ ನೈತಿಕ ತೂಕವಿದೆಯೇ? ಅಂಗಳದ ಮುದಿ ಹುಣಸೆಮರ ಕಡಿಯುವಾಗ ನಮ್ಮ ಹಳ್ಳಿಗಳಲ್ಲಿ ಜನ ತಡವರಿಸುತ್ತಾರೆ, ಸಸಿ ಕೀಳುವಾಗ ಇಲ್ಲ. ಮುದಿ ಮರಕ್ಕೆ ಹೆಚ್ಚು ನೋವಾಗುತ್ತದೆ ಎಂದಲ್ಲ. ದುಡ್ಡು ಕೊಟ್ಟು ಇನ್ನೊಂದನ್ನು ತರಲಾಗದು, ಅಜ್ಜನ ಕಾಲದಿಂದ ಮತ್ತೆ ಶುರು ಮಾಡಬೇಕು ಎಂಬ ಕಾರಣಕ್ಕೆ. ಏಡಿಯ ಬಿಲ್ಲಿನಲ್ಲಿ ತೂಕಕ್ಕೆ ಬೆಲೆ ಇರುತ್ತದೆ, ಆ ನಲವತ್ತು ವರ್ಷಕ್ಕೆ ಇರುವುದಿಲ್ಲ.

ಕಾನೂನು ಇಲ್ಲಿ ನೆರವಿಗೆ ಬರುವುದು ಅರ್ಧ ಮಾತ್ರ. ವನುವಾಟುವಿನಲ್ಲಿ ಚಿಪ್ಪಿನ ಉದ್ದ 9 ಸೆಂ.ಮೀ. ಮುಟ್ಟದ ಏಡಿಯನ್ನೂ ಮೊಟ್ಟೆ ಹೊತ್ತ ಹೆಣ್ಣನ್ನೂ ಹಿಡಿಯುವಂತಿಲ್ಲ. ಸಣ್ಣವು ಬೆಳೆದು ಮರಿ ಮಾಡಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಅಡುಗೆಮನೆಗೆ ಬರುವ ಹೊತ್ತಿಗೆ ಅದು, ದೊಡ್ಡದನ್ನೇ ತಿನ್ನು ಎಂಬ ಅಪ್ಪಣೆಯಾಗಿಬಿಡುತ್ತದೆ. ಅಮೆರಿಕದ ಮೈನ್ ರಾಜ್ಯದಲ್ಲಿ ಲಾಬ್‌ಸ್ಟರ್‌ಗೆ ಕೆಳಮಿತಿಯ ಜೊತೆಗೆ ಮೇಲ್ಮಿತಿಯೂ ಇದೆ. ತೀರಾ ದೊಡ್ಡದು ಬಲೆಗೆ ಬಿದ್ದರೆ ಅದನ್ನೂ ಕಡಲಿಗೆ ಬಿಡಬೇಕು. ಹಿರಿಯವು ಬದುಕಿದ್ದರೆ ಸಂತತಿ ಹೆಚ್ಚು ಎಂಬ ಮೀನುಗಾರರ ತಿಳಿವಳಿಕೆ ಅಲ್ಲಿ ನಿಯಮವಾಗಿದೆ.

ಪ್ರವಾಸಿಗನ ಬಳಿ ಇನ್ನೊಂದು ಸಮಾಧಾನವಿರುತ್ತದೆ: ಜೀವಮಾನದಲ್ಲಿ ಒಂದೇ ಸಲ ತಾನೇ. ನಿಜ, ಅವನಿಗೆ ಒಂದೇ ಸಲ. ನಾಳೆ ಅದೇ ಕುರ್ಚಿಯಲ್ಲಿ ಕೂರುವವನಿಗೂ ಒಂದೇ ಸಲ. ಕಾಡಿನ ಬಿಲಗಳಿಗೆ ಮಾತ್ರ ಇದು ದಿನಾ. ಈ ಏಡಿ ಐಯುಸಿಎನ್‌ನ ಕೆಂಪು ಪಟ್ಟಿ ಸೇರಿದೆ. ನಮ್ಮ ನಿಕೋಬಾರ್ ದ್ವೀಪಗಳಲ್ಲೂ ಇದಿದೆ. ಅಲ್ಲಿ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವುದರಿಂದ ತಿನ್ನುವ ಮಾತೇ ಇಲ್ಲ.

ಹಾಗೆಂದು ತಟ್ಟೆ ದೂಡಿ ಎದ್ದರೆ ಕೈ ತೊಳೆದಂತಾಗುವುದೇ? ಲುಗಾನ್‌ವಿಲ್‌ಗೆ ಬರುವ ಏಡಿಗಳಲ್ಲಿ ಹಲವು ಉತ್ತರದ ಟೋರೆಸ್ ದ್ವೀಪಗಳವು. ಅಲ್ಲಿ ನಗದು ತರುವ ಮಾರ್ಗಗಳು ಬೆರಳೆಣಿಕೆಯವು. ಕೊಬ್ಬರಿ ಒಂದು, ಈ ಏಡಿ ಇನ್ನೊಂದು. ರಾತ್ರಿ ಕಾಡಿಗೆ ಹೋಗಿ ಹಿಡಿದವನಿಗೆ ನನ್ನ ಪರಿಶುದ್ಧಿಯಿಂದ ಬರುವುದೇನೂ ಇಲ್ಲ. ದೂರದಿಂದ ವಿಮಾನದಲ್ಲಿ ಬಂದಿಳಿದವನು ಏಡಿಯ ಮುಂದೆ ವ್ರತ ಹಿಡಿಯುವುದರಲ್ಲಿ ಸ್ವಲ್ಪ ನಾಟಕವೂ ಇದೆ.

ನನಗೆ ಹೊಳೆದ ದಾರಿ ಆ ದ್ವೀಪಗಳದ್ದೇ. ವನುವಾಟುವಿನಲ್ಲಿ ನಮೇಲೆ ಎಂಬ ಸಸ್ಯವಿದೆ, ನೋಡಲು ಈಚಲಿನ ಹಾಗೆ. ದೇಶದ ಬಾವುಟದ ಮೇಲೂ ಅದರ ಎರಡು ಗರಿಗಳಿವೆ. ಊರಿನ ಮುಖಂಡ ದಡದಲ್ಲೋ ಕಾಡಿನಂಚಿನಲ್ಲೋ ಅದರ ಗರಿ ನೆಟ್ಟರೆ ಅಲ್ಲಿ ತಾಬು. ಗರಿ ತೆಗೆಯುವವರೆಗೆ ಅಲ್ಲಿನದನ್ನು ಯಾರೂ ಮುಟ್ಟುವಂತಿಲ್ಲ. ನಮ್ಮಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವಲ್ಲ. (ಆ ದಿನಗಳಲ್ಲೇ ಮಲ್ಪೆಯ ಹೋಟೆಲಿಗೆ ಬಂದು ‘ಫ್ರೆಶ್ ಅಂಜಲ್ ಇಲ್ವಾ’ ಎಂದು ಮುಖ ಸಿಂಡರಿಸುವವರನ್ನು ಬೇಕಾದಷ್ಟು ನೋಡಿದ್ದೇನೆ.)

ಸ್ಥಳೀಯ ಊಟ ಎಂದು ನಾವು ಹುಡುಕಿಕೊಂಡು ಹೋಗುವುದರಲ್ಲಿ ಈ ‘ಈಗ ಬೇಡ’ವೂ ಸೇರಿದೆ. ಮದುವೆಗೆ, ಹಬ್ಬಕ್ಕೆ, ನೆಂಟರು ಬಂದಾಗ ತಿನ್ನುವವರಿಗೆ ತಿನ್ನದೆ ಇರುವ ದಿನಗಳೂ ಗೊತ್ತು. ನಾವು ಅವರ ಹಬ್ಬದ ಅಡುಗೆಯನ್ನಷ್ಟೇ ಎತ್ತಿಕೊಂಡು ಉಪವಾಸವನ್ನು ಅವರಿಗೇ ಬಿಟ್ಟು ಬರುತ್ತೇವೆ.

ಸಾಂಟೊದ ಮಾರುಕಟ್ಟೆಯಲ್ಲಿ ಗೆಣಸು ಮಾರುತ್ತಿದ್ದ ಹಿರಿಯ ಹೆಂಗಸೊಬ್ಬರನ್ನು ಅವರ ಊರಲ್ಲಿ ಏಡಿ ಸಿಗುತ್ತದೆಯೇ ಎಂದು ಕೇಳಿದ್ದೆ. ಇದೆ, ಆದರೆ ಗರಿ ನೆಟ್ಟಿದ್ದಾರೆ ಎಂದರು. ಯಾವಾಗ ತೆಗೆಯುತ್ತಾರೆ ಎಂದರೆ ಮುಖಂಡರನ್ನು ಕೇಳಬೇಕು ಎಂದು ನಕ್ಕು, ತೆಗೆದ ದಿನ ಊರಿಗೆಲ್ಲ ಊಟ, ಇದ್ದರೆ ನೀವೂ ಬನ್ನಿ ಎಂದರು. ನನ್ನ ವಿಮಾನ ಗುರುವಾರಕ್ಕಿತ್ತು.