ಕಾಗದದ ಅಂಚು ಒದ್ದೆಯಾಯಿತು

ಅಕ್ಕನ ಮಗ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಕಾರಿಗೆ ಹೊಸ ಫ್ಯೂಯಲ್ ರೇಲ್ ತಂದಿದ್ದ. ಕೆಂಪು ಬಣ್ಣ ಹಾಕಿದ ಅಲ್ಯೂಮಿನಿಯಂ, ಕೈಯಲ್ಲಿ ಹಿಡಿದರೆ ತಣ್ಣಗೆ, ನುಣ್ಣಗೆ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ನಾಲ್ಕು ಇಂಜೆಕ್ಟರುಗಳಿಗೂ ಅದನ್ನು ಹಂಚುವ ಕೊಳವೆ ಇದು. ರ‍್ಯಾಲಿಗೆಂದು ಹಳೆಯ ಕಾರಿನ ಎಂಜಿನ್ ಕೆಲಸ ಮಾಡಿಸಿ, ದೊಡ್ಡ ಇಂಜೆಕ್ಟರ್ ಹಾಕಿಸುತ್ತಿದ್ದ. ಅಂಥ ಎಂಜಿನ್ನಿಗೆ ಇದು ಬೇಕಾಗಬಹುದು. ಬೇರೇನೂ ಬದಲಿಸದೆ ಬರೀ ರೇಲ್ ಹಾಕಿದರೆ ಕಾರಿನ ಓಟವೇನೂ ಹೆಚ್ಚುವುದಿಲ್ಲ.

ರೇಲ್‌ಗೆ ಧಾರಾಳವಾಗಿ ದುಡ್ಡು ಸುರಿದವನು ಅದಕ್ಕೆ ಪೆಟ್ರೋಲ್ ತರುವ ರಬ್ಬರ್ ಪೈಪಿನಲ್ಲಿ ಉಳಿತಾಯ ಮಾಡಿದ್ದ. ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಪೈಪನ್ನು ಹಿಚುಕಿ ನೋಡಿ, "ಇದು ಕಾರ್ಬ್ಯುರೇಟರ್ ಗಾಡಿ ಪೈಪು ಕಣಪ್ಪ, ಇಲ್ಲಿಗೆ ಆಗಲ್ಲ" ಎಂದು ಬದಿಗಿಟ್ಟರು. ಇಂಜೆಕ್ಷನ್ ಕಾರಿನ ರೇಲ್‌ನಲ್ಲಿ ಪೆಟ್ರೋಲಿನ ಒತ್ತಡ ಸುಮಾರು 3 ಬಾರ್, ಟೈರಿಗೆ ತುಂಬುವ ಗಾಳಿಗಿಂತ ಜಾಸ್ತಿ. ಜೊತೆಗೆ ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್. ಈ ಒತ್ತಡವನ್ನೂ ಎಥನಾಲನ್ನೂ ತಾಳುವ ಪೈಪಿನ ಮೈಮೇಲೆ 30ಆರ್9 ಎಂಬ ಗುರುತಿರುತ್ತದೆ. ಅದನ್ನೇ ತರಿಸಿದರು.

ಅವರು ಕೆಲಸ ಮಾಡಿದ ರೀತಿ ನನ್ನ ಕಣ್ಣಲ್ಲೇ ಇದೆ. ಕಾರನ್ನು ಬಯಲಿಗೆ ತಳ್ಳಿಸಿದರು, ಏಕೆಂದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿಕೊಂಡು ಕಿಡಿಗೆ ಕಾಯುತ್ತಿರುತ್ತದೆ. ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ಆರುವ ತನಕ ಓಡಿಸಿ ಒತ್ತಡ ಇಳಿಸಿದರು. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿದರು. ಸೋರಿಕೆ ತಡೆಯುವ ಒಂದೊಂದು ಹೊಸ ರಬ್ಬರ್ ಓ-ರಿಂಗಿಗೂ ಎಂಜಿನ್ ಆಯಿಲ್ ಸವರಿ, ಇಂಜೆಕ್ಟರುಗಳನ್ನು ಹೆಬ್ಬೆರಳಿನಿಂದ ನೇರವಾಗಿ ಒತ್ತಿ ಕೂರಿಸಿದರು.

ಎಲ್ಲ ಜೋಡಿಸಿದ ಮೇಲೆ ಹುಡುಗನಿಗೆ ಸ್ಟಾರ್ಟ್ ಮಾಡುವ ಆತುರ. "ತಡಿ" ಎಂದರು. ಪಂಪಿನ ಫ್ಯೂಸ್ ಮತ್ತೆ ಹಾಕಿ, ಬ್ಯಾಟರಿ ಕೂಡಿಸಿ, ಎಂಜಿನ್ ಚಾಲೂ ಮಾಡದೆ ಬರೀ ಕೀ ತಿರುಗಿಸಲು ಹೇಳಿದರು. ಎರಡು ಮೂರು ಸೆಕೆಂಡು ಪಂಪ್ ಗುಂಯ್ ಎಂದು ನಿಂತಿತು. ಮತ್ತೊಮ್ಮೆ, ಇನ್ನೊಮ್ಮೆ. ಟಾರ್ಚ್ ಹಿಡಿದು ಒಂದು ಚೂರು ಕಾಗದವನ್ನು ಪ್ರತಿ ಜಾಯಿಂಟಿಗೂ ಒತ್ತುತ್ತ ಹೋದರು. ಮೂರನೆಯ ಇಂಜೆಕ್ಟರ್ ರೇಲ್‌ಗೆ ಸೇರುವಲ್ಲಿ ಕಾಗದದ ಅಂಚು ಒದ್ದೆಯಾಯಿತು.

ಬಟ್ಟೆ ಸುತ್ತಿ ಒತ್ತಡ ಇಳಿಸಿ, ಬಿಚ್ಚಿ ನೋಡಿದರೆ ಓ-ರಿಂಗಿನಲ್ಲಿ ಉಗುರಿನಿಂದ ಗೀರಿದಷ್ಟು ಸೀಳು. ಕೆಳಗೇ ಕಾದು ಕೆಂಪಾಗುವ ಎಗ್ಸಾಸ್ಟ್. ನನಗೆ ಕೈಕಾಲು ತಣ್ಣಗಾದವು. ಅವರು ಮಾತ್ರ ಸದ್ದಿಲ್ಲದೆ ಬೇರೆ ರಿಂಗ್ ಹಾಕಿ, ಮತ್ತೆ ಮೊದಲಿನಿಂದ ಎಲ್ಲ ಜಾಯಿಂಟ್‌ಗಳನ್ನೂ ನೋಡಿದರು.

ನಿಮ್ಮ ಮನೆಯ ಹುಡುಗನೂ ಬಾನೆಟ್ ಎತ್ತಿ ಇಂಥ ಕೆಲಸಕ್ಕೆ ಕೈ ಹಾಕಿದ್ದರೆ ಬೈಯಬೇಡಿ. ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿಯಿರಿ. ಕಾಗದ ಎಲ್ಲೂ ಒದ್ದೆಯಾಗದಿದ್ದರೆ ಮಾತ್ರ ಸ್ಟಾರ್ಟ್ ಮಾಡಲು ಬಿಡಿ.